ಓದುಗರ ಪ್ರಶ್ನೆಗಳು: ಸಾಧನ ಜೋಡಿಸಿದ್ದರೂ ಕಂಪ್ಯೂಟರಿಗೆ ಕಾಣಿಸದಿದ್ದರೆ

ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಸಾಧನಗಳ ತಕರಾರಿನ ಬಗ್ಗೆ ಸಾಕಷ್ಟು ಪತ್ರಗಳು ಬಂದಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇವೆ. ಬಹುತೇಕ ಎಲ್ಲ ಪತ್ರಗಳಲ್ಲೂ ಒಂದು ಮಾತಿದೆ: ‘ಡ್ರೈವರ್ ತೆಗೆದು ಮತ್ತೆ ಹಾಕಿ ನೋಡಿದೆ, ಸರಿಹೋಗಲಿಲ್ಲ.’ ಡ್ರೈವರ್ ಎಂದರೆ ಸಾಧನವನ್ನು ನಡೆಸಲು ಕಂಪ್ಯೂಟರಿಗೆ ಬೇಕಾದ ತಂತ್ರಾಂಶ. ಅದಕ್ಕೆ ಕೈಹಾಕುವ ಮೊದಲು ಕಂಪ್ಯೂಟರಿಗೆ ಆ ಸಾಧನ ಕಾಣಿಸುತ್ತಿದೆಯೇ, ಕಾಣಿಸುತ್ತಿದ್ದರೆ ಯಾವ ಹೆಸರಿನಲ್ಲಿ ಎಂಬುದನ್ನು ನೋಡಿದ್ದರೆ ಇವುಗಳಲ್ಲಿ ಹಲವು ಪತ್ರಗಳನ್ನು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಪ್ರಶ್ನೆ: ನನ್ನ ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿದರೆ ಬ್ಯಾಟರಿ ಚಾರ್ಜ್ ಆಗುತ್ತದೆ. ಆದರೆ ಚಿತ್ರಗಳನ್ನು ನಕಲಿಸಿಕೊಳ್ಳಲು ಹೋದರೆ ಕ್ಯಾಮೆರಾದ ಹೆಸರು ಎಲ್ಲಿಯೂ ಕಾಣುವುದಿಲ್ಲ. ದೋಷಸಂದೇಶವೂ ಬರುವುದಿಲ್ಲ. ವಿದ್ಯುತ್ ಹರಿಯುತ್ತಿದೆ ಎಂದಮೇಲೆ ಕೇಬಲ್ ಸರಿಯಾಗಿಯೇ ಇದೆ ಎಂದು ತಿಳಿಯಬಹುದಲ್ಲವೇ?

ಉತ್ತರ: ಹಾಗೆ ತಿಳಿಯಲಾಗದು. ಯುಎಸ್‌ಬಿ 2.0 ಕೇಬಲಿನೊಳಗೆ ಸಾಮಾನ್ಯವಾಗಿ ನಾಲ್ಕು ತಂತಿಗಳಿರುತ್ತವೆ. ಕೆಂಪು ಮತ್ತು ಕಪ್ಪು ತಂತಿಗಳು ಐದು ವೋಲ್ಟ್ ವಿದ್ಯುತ್ತನ್ನು ಒದಗಿಸುತ್ತವೆ. ಹಸಿರು ಮತ್ತು ಬಿಳಿ ತಂತಿಗಳು ಮಾಹಿತಿಯನ್ನು ಒಯ್ಯುತ್ತವೆ. ಚಾರ್ಜ್ ಮಾಡುವುದಕ್ಕೆಂದೇ ತಯಾರಿಸಿದ ಅಗ್ಗದ ಕೇಬಲುಗಳಲ್ಲಿ ಹಸಿರು, ಬಿಳಿ ತಂತಿಗಳನ್ನು ಹಾಕಿರುವುದೇ ಇಲ್ಲ, ಹೊರಗಿನಿಂದ ನೋಡಿದರೆ ಅದು ಗೊತ್ತಾಗುವುದೂ ಇಲ್ಲ. ನಿಮ್ಮ ಕೈಯಲ್ಲಿರುವುದು ಅಂಥದ್ದೇ ಕೇಬಲ್ ಆಗಿರುವ ಸಾಧ್ಯತೆ ಹೆಚ್ಚು. ಬೇರೊಂದು ಸಾಧನದ ಮಾಹಿತಿಯನ್ನು ಇದೇ ಕೇಬಲಿನಲ್ಲಿ ನಕಲಿಸಲು ಸಾಧ್ಯವಾಗುತ್ತದೆಯೇ ಎಂದು ನೋಡಿದರೆ ಅನುಮಾನ ಬಗೆಹರಿಯುತ್ತದೆ.

ಇಲ್ಲಿ ಸ್ವಲ್ಪ ವಿವರ ಕೊಡುವುದು ಮುಂದಿನ ಪತ್ರಗಳಿಗೂ ಉಪಯೋಗವಾಗುತ್ತದೆ. ಸಾಧನವನ್ನು ಜೋಡಿಸಿದ ಕೂಡಲೇ ಅದು ತನ್ನೊಳಗಿನ 1.5 ಕಿಲೋಓಮ್ ರೋಧಕದ ಮೂಲಕ ಮಾಹಿತಿಯ ತಂತಿಗಳಲ್ಲಿ ಒಂದರ ವೋಲ್ಟೇಜನ್ನು ಏರಿಸುತ್ತದೆ. ಈ ಏರಿಕೆಯಿಂದಲೇ ಏನೋ ಬಂದು ಸೇರಿದೆ ಎಂಬುದು ಕಂಪ್ಯೂಟರಿಗೆ ತಿಳಿಯುತ್ತದೆ. ಆಮೇಲೆ ಕಂಪ್ಯೂಟರ್ ಸಾಧನದ ವಿವರಗಳನ್ನು ಕೇಳುತ್ತದೆ, ಸಾಧನವು ತನ್ನ ತಯಾರಕರ ಸಂಖ್ಯೆ ಮತ್ತು ಉತ್ಪನ್ನದ ಸಂಖ್ಯೆಯನ್ನು ಹೇಳುತ್ತದೆ, ಆ ಎರಡು ಸಂಖ್ಯೆಗಳನ್ನು ನೋಡಿಕೊಂಡು ಯಾವ ಡ್ರೈವರನ್ನು ಬಳಸಬೇಕೆಂದು ನಿರ್ಧಾರವಾಗುತ್ತದೆ. ಡ್ರೈವರಿನ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ ಎಂಬುದನ್ನು ಗಮನಿಸಿ. ಜೋಡಿಸಿದಾಗ ಏನೂ ಆಗಲೇ ಇಲ್ಲವೆಂದರೆ, ಎಂದರೆ ಸದ್ದೂ ಇಲ್ಲ, ಜೋಡಿಸಿದ ಸಾಧನಗಳನ್ನು ವಿಂಡೋಸ್ ತೋರಿಸುವ ‘ಡಿವೈಸ್ ಮ್ಯಾನೇಜರ್’ ಪಟ್ಟಿ ಒಂದಿಷ್ಟೂ ಅಲುಗುವುದಿಲ್ಲ ಎಂದರೆ, ದೋಷ ಕೇಬಲ್, ಸಾಕೆಟ್ ಅಥವಾ ಸಾಧನದಲ್ಲಿದೆ. ಎಷ್ಟು ಡ್ರೈವರ್ ಹಾಕಿದರೂ ಪ್ರಯೋಜನವಿಲ್ಲ. ಪಟ್ಟಿಯಲ್ಲಿ ‘ಅನ್‌ನೋನ್ ಯುಎಸ್‌ಬಿ ಡಿವೈಸ್’ ಎಂದು ಬಂದು ಕೋಡ್ 43 ತೋರಿಸಿದರೆ, ಸಾಧನ ಬಂದದ್ದು ತಿಳಿದಿದೆ, ಆದರೆ ತಾನು ಯಾರೆಂದು ಹೇಳುವಲ್ಲಿ ಅದು ತಡವರಿಸಿದೆ. ಆಗಲೂ ಮೊದಲು ಅನುಮಾನಿಸಬೇಕಾದದ್ದು ಕೇಬಲನ್ನು ಮತ್ತು ವಿದ್ಯುತ್ತಿನ ಕೊರತೆಯನ್ನು. ಹೆಸರು ಸರಿಯಾಗಿಯೇ ಕಾಣಿಸಿ, ಪಕ್ಕದಲ್ಲಿ ಹಳದಿ ತ್ರಿಕೋನವಿದ್ದು, ವಿವರದಲ್ಲಿ ಕೋಡ್ 28 ಎಂದಿದ್ದರೆ ಮಾತ್ರ ಡ್ರೈವರ್ ಇಲ್ಲವೆಂದು ಖಚಿತವಾಗಿ ಹೇಳಬಹುದು.

ಕೇಬಲ್ ಬದಲಿಸಿದ ಮೇಲೂ ಕ್ಯಾಮೆರಾ ಕಾಣಿಸದಿದ್ದರೆ ಅದರ ಮೆನುವಿನಲ್ಲಿ ಯುಎಸ್‌ಬಿ ಸಂಪರ್ಕದ ಆಯ್ಕೆ ಏನಾಗಿದೆ ಎಂದು ನೋಡಿ. ಚಾರ್ಜ್ ಮಾತ್ರ ಮಾಡಬೇಕೆಂಬ ಆಯ್ಕೆ ಅನೇಕ ಸಾಧನಗಳಲ್ಲಿರುತ್ತದೆ, ಮೊಬೈಲ್ ಫೋನುಗಳಲ್ಲಂತೂ ಅದೇ ಪೂರ್ವನಿಯೋಜಿತವಾಗಿರುವುದು ಸಾಮಾನ್ಯ.

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಹಳೆಯದೊಂದು ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಅದರ ಹಿಂಬದಿಯಲ್ಲಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇದೆ. ಹೊಸ ಕಂಪ್ಯೂಟರಿನಲ್ಲಿ ಅಂಥ ಪೋರ್ಟ್ ಇಲ್ಲದ ಕಾರಣ ಯುಎಸ್‌ಬಿಗೆ ಹಾಕುವ ಸೀರಿಯಲ್ ಪರಿವರ್ತಕವನ್ನು ಕೊಂಡೆವು. ಮೊದಲು ಹಳದಿ ತ್ರಿಕೋನ, ಕೋಡ್ 10 ಬಂತು. ಹಳೆಯ ಆವೃತ್ತಿಯ ಡ್ರೈವರ್ ಹುಡುಕಿ ಹಾಕಿದ ಮೇಲೆ ಅದು ಹೋಯಿತು. ಈಗ ತೂಕವನ್ನು ದಾಖಲಿಸುವ ತಂತ್ರಾಂಶ ಒಮ್ಮೊಮ್ಮೆ ‘ಪೋರ್ಟ್ ತೆರೆಯಲಾಗಲಿಲ್ಲ’ ಎನ್ನುತ್ತದೆ. ತೆರೆದಾಗಲೂ ಕೆಲವು ಅಂಕಿಗಳು ಸರಿಯಾಗಿ ಬಂದು ಉಳಿದ ಕಡೆ ಚಿತ್ರವಿಚಿತ್ರ ಚಿಹ್ನೆಗಳು ಬೀಳುತ್ತವೆ. ತಕ್ಕಡಿ ಕೆಟ್ಟಿದೆಯೇ, ಪರಿವರ್ತಕ ಕೆಟ್ಟಿದೆಯೇ ಎಂದು ತಿಳಿಯುತ್ತಿಲ್ಲ.

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಎರಡೂ ಕೆಟ್ಟಿರುವಂತಿಲ್ಲ. ಚಿತ್ರವಿಚಿತ್ರವಾಗಿಯಾದರೂ ಏನಾದರೊಂದು ಬರುತ್ತಿದೆ ಎಂದರೆ ತಕ್ಕಡಿ ಕಳಿಸುತ್ತಿದೆ, ತಂತಿ ಒಯ್ಯುತ್ತಿದೆ, ಪರಿವರ್ತಕ ಓದುತ್ತಿದೆ ಎಂದೇ ಅರ್ಥ. ನಿಮ್ಮ ಪತ್ರದಲ್ಲಿ ಮೂರು ಬೇರೆಬೇರೆ ತೊಂದರೆಗಳು ಒಟ್ಟಿಗೆ ಸೇರಿಕೊಂಡಿವೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ.

ಮೊದಲನೆಯದು ಕೋಡ್ 10. ಇಂಥ ಪರಿವರ್ತಕಗಳೊಳಗೆ ಎಫ್‌ಟಿಡಿಐ, ಪ್ರೊಲಿಫಿಕ್, ಸಿಲಿಕಾನ್ ಲ್ಯಾಬ್ಸ್ ಮುಂತಾದ ಕಂಪನಿಗಳ ಚಿಪ್ಪುಗಳೋ ಸಿಎಚ್340 ಎಂಬ ಚಿಪ್ಪೋ ಇರುತ್ತದೆ. ಹೆಸರಾಂತ ಚಿಪ್ಪುಗಳನ್ನು ಹೋಲುವ ನಕಲಿಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಪ್ರೊಲಿಫಿಕ್ ಕಂಪನಿಯ ಹೊಸ ಡ್ರೈವರುಗಳು ನಕಲಿ ಚಿಪ್ಪುಗಳನ್ನೂ ತಾನು ತಯಾರಿಕೆ ನಿಲ್ಲಿಸಿದ ತನ್ನದೇ ಹಳೆಯ ಚಿಪ್ಪುಗಳನ್ನೂ ನಿರಾಕರಿಸುತ್ತವೆ, ಆಗ ಬರುವುದು ಕೋಡ್ 10. ಎಫ್‌ಟಿಡಿಐ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು: 2014ರಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಅದರ ಡ್ರೈವರ್ ನಕಲಿ ಚಿಪ್ಪುಗಳ ಉತ್ಪನ್ನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಟ್ಟಿತು, ಅವು ಯಾವ ಕಂಪ್ಯೂಟರಿಗೂ ಸರಿಯಾಗಿ ಗುರುತು ಸಿಗದಂತಾದವು, ದೊಡ್ಡ ಗದ್ದಲವೆದ್ದ ಮೇಲೆ ಕಂಪನಿ ಆ ಡ್ರೈವರನ್ನು ಹಿಂತೆಗೆದುಕೊಂಡಿತು. ತಾನು ಕೊಂಡದ್ದು ನಕಲಿಯೆಂದು ತಿಳಿಯದ ಬಳಕೆದಾರನಿಗೆ ಕೊಟ್ಟ ಶಿಕ್ಷೆ ಅದೆಂದೇ ನನ್ನ ಅಭಿಪ್ರಾಯ. ಡಿವೈಸ್ ಮ್ಯಾನೇಜರಿನಲ್ಲಿ ಪರಿವರ್ತಕದ ಮೇಲೆ ಬಲ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ‘ಡೀಟೇಲ್ಸ್’, ‘ಹಾರ್ಡ್‌ವೇರ್ ಐಡಿಸ್’ ಎಂದು ಹೋದರೆ ತಯಾರಕರ ಸಂಖ್ಯೆ ಸಿಗುತ್ತದೆ. 0403 ಎಂದಿದ್ದರೆ ಎಫ್‌ಟಿಡಿಐ, 067ಬಿ ಎಂದಿದ್ದರೆ ಪ್ರೊಲಿಫಿಕ್, 10ಸಿ4 ಎಂದಿದ್ದರೆ ಸಿಲಿಕಾನ್ ಲ್ಯಾಬ್ಸ್, 1ಎ86 ಎಂದಿದ್ದರೆ ಸಿಎಚ್340ರ ತಯಾರಕರು. ನಕಲಿಗಳೂ ಇದೇ ಸಂಖ್ಯೆಗಳನ್ನು ಹೇಳುತ್ತವೆ ಎಂಬುದು ನೆನಪಿರಲಿ. ಹಳೆಯ ಡ್ರೈವರಿನಿಂದ ನಿಮ್ಮ ಕೆಲಸ ನಡೆಯುತ್ತಿದ್ದರೂ ವಿಂಡೋಸ್ ತಾನಾಗಿಯೇ ಹೊಸ ಡ್ರೈವರನ್ನು ತಂದು ಹಾಕಿದ ದಿನ ಮತ್ತೆ ಕೋಡ್ 10 ಬರುತ್ತದೆ. ಪ್ರಯೋಗಾಲಯದ ದಾಖಲೆಗಳ ಪ್ರಶ್ನೆಯಾದ್ದರಿಂದ ನಂಬಿಕಸ್ಥ ಮಾರಾಟಗಾರರಿಂದ ಬೇರೊಂದು ಪರಿವರ್ತಕ ಕೊಳ್ಳುವುದು ಒಳ್ಳೆಯದು. ಕೊಳ್ಳುವಾಗ ಅದು ಆರ್‌ಎಸ್-232 (ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿನ ವೋಲ್ಟೇಜ್ ಮಾನದಂಡ) ಮಟ್ಟದ್ದೆಂದು ಖಚಿತಪಡಿಸಿಕೊಳ್ಳಿ. ಬರಿಯ ಪಿನ್ನುಗಳಿರುವ, 3.3 ಅಥವಾ 5 ವೋಲ್ಟಿನ ಪುಟ್ಟ ಪರಿವರ್ತಕಗಳು ಬೇರೆ ಕೆಲಸಕ್ಕೆ ತಯಾರಾದವು, ಹದಿನೈದು ವೋಲ್ಟಿನವರೆಗೆ ಧನ ಮತ್ತು ಋಣ ಎರಡೂ ಕಡೆಗೆ ಹೋಗಬಲ್ಲ ತಕ್ಕಡಿಯ ಸಂಕೇತಕ್ಕೆ ಅವು ಸುಟ್ಟುಹೋಗಬಹುದು.

ಎರಡನೆಯದು ಪೋರ್ಟ್ ತೆರೆಯದಿರುವುದು. ‘ಒಮ್ಮೊಮ್ಮೆ’ ಎಂದು ಬರೆದಿದ್ದೀರಿ. ಪರಿವರ್ತಕವನ್ನು ದಿನಕ್ಕೊಂದು ಸಾಕೆಟ್ಟಿಗೆ ಹಾಕುವ ಅಭ್ಯಾಸ ಯಾರಿಗಾದರೂ ಇದೆಯೇ ಎಂದು ವಿಚಾರಿಸಿ. ತನ್ನದೇ ಕ್ರಮಸಂಖ್ಯೆ ಇಲ್ಲದ ಚಿಪ್ಪನ್ನು ಬೇರೆ ಸಾಕೆಟ್ಟಿಗೆ ಹಾಕಿದಾಗ ವಿಂಡೋಸ್ ಅದನ್ನು ಹೊಸ ಸಾಧನವೆಂದೇ ಎಣಿಸಿ ಬೇರೆ ಕಾಮ್ ಸಂಖ್ಯೆ, ಎಂದರೆ ಪೋರ್ಟಿನ ಗುರುತಿನ ಸಂಖ್ಯೆ, ಕೊಡುತ್ತದೆ. ನಿನ್ನೆ ಕಾಮ್ 3 ಆಗಿದ್ದದ್ದು ಇಂದು ಕಾಮ್ 7 ಆಗಿರುತ್ತದೆ, ತಂತ್ರಾಂಶ ಮಾತ್ರ ಇನ್ನೂ ಕಾಮ್ 3ರ ಬಾಗಿಲನ್ನೇ ತಟ್ಟುತ್ತಿರುತ್ತದೆ. ಡಿವೈಸ್ ಮ್ಯಾನೇಜರಿನ ‘ಪೋರ್ಟ್ಸ್’ ವಿಭಾಗದಲ್ಲಿ ಈಗಿನ ಸಂಖ್ಯೆಯನ್ನು ನೋಡಿ, ಬೇಕಾದರೆ ‘ಪೋರ್ಟ್ ಸೆಟ್ಟಿಂಗ್ಸ್’ ಒಳಗಿನ ‘ಅಡ್ವಾನ್ಸ್ಡ್’ ಗುಂಡಿಯೊತ್ತಿ ಬದಲಿಸಿಕೊಳ್ಳಿ. ಹಳೆಯ ತಂತ್ರಾಂಶಗಳಲ್ಲಿ ಕೆಲವಕ್ಕೆ ಒಂದರಿಂದ ನಾಲ್ಕರವರೆಗಿನ ಸಂಖ್ಯೆಗಳಷ್ಟೇ ಗೊತ್ತಿರುತ್ತವೆ. ಸಂಖ್ಯೆ ಸರಿಯಿದ್ದೂ ಪೋರ್ಟ್ ತೆರೆಯದಿದ್ದರೆ ಬೇರೊಂದು ತಂತ್ರಾಂಶ ಅದನ್ನು ಹಿಡಿದುಕೊಂಡಿರುತ್ತದೆ, ಏಕೆಂದರೆ ಸೀರಿಯಲ್ ಪೋರ್ಟ್ ಒಂದು ಸಲಕ್ಕೆ ಒಂದೇ ತಂತ್ರಾಂಶಕ್ಕೆ ದಕ್ಕುತ್ತದೆ.

ಮೂರನೆಯದು ಎಲ್ಲಕ್ಕಿಂತ ಸ್ವಾರಸ್ಯಕರ. ಸೀರಿಯಲ್ ಸಂಪರ್ಕದಲ್ಲಿ ಕಳಿಸುವವರಿಗೂ ಪಡೆಯುವವರಿಗೂ ಹೊಂದಾಣಿಕೆಯ ಗಡಿಯಾರದ ತಂತಿ ಇರುವುದಿಲ್ಲ. ಸೆಕೆಂಡಿಗೆ ಎಷ್ಟು ಬಿಟ್, ಒಂದು ಅಕ್ಷರಕ್ಕೆ ಏಳು ಬಿಟ್ಟೋ ಎಂಟೋ, ಪ್ಯಾರಿಟಿ (ಒಂದುಗಳ ಸಂಖ್ಯೆ ಸಮ ಅಥವಾ ಬೆಸ ಆಗುವಂತೆ ಪ್ರತಿ ಅಕ್ಷರಕ್ಕೆ ಸೇರಿಸುವ ತಪಾಸಣೆಯ ಬಿಟ್) ಸಮವೋ ಬೆಸವೋ ಅಥವಾ ಇಲ್ಲವೇ ಇಲ್ಲವೋ ಎಂಬುದನ್ನು ಎರಡೂ ಕಡೆ ಮೊದಲೇ ಒಂದೇ ರೀತಿ ಹೊಂದಿಸಿರಬೇಕು. ವೇಗ 9600 ಎಂದಿದ್ದರೆ ಒಂದು ಬಿಟ್ಟಿಗೆ ಸುಮಾರು 104 ಮೈಕ್ರೊಸೆಕೆಂಡ್ ಸಿಗುತ್ತದೆ. ಪಡೆಯುವವರು ಆ ಲೆಕ್ಕದಲ್ಲೇ ಓದದಿದ್ದರೆ ಎಲ್ಲ ಅಕ್ಷರಗಳೂ ಕೆಡುತ್ತವೆ. ನಿಮ್ಮಲ್ಲಿ ಎಲ್ಲವೂ ಕೆಟ್ಟಿಲ್ಲ, ಕೆಲವಷ್ಟೇ ಕೆಟ್ಟಿವೆ. ಆದ್ದರಿಂದ ವೇಗ ಸರಿಯಾಗಿದೆ, ಬಿಟ್ಟುಗಳ ಸಂಖ್ಯೆ ಮತ್ತು ಪ್ಯಾರಿಟಿಯಲ್ಲಿ ವ್ಯತ್ಯಾಸವಿದೆ ಎಂದು ಊಹಿಸಬಹುದು.

ಆ ಊಹೆಯನ್ನು ಪರೀಕ್ಷಿಸುವ ದಾರಿ ಹೀಗಿದೆ. ತಕ್ಕಡಿಯ ಮೇಲೆ ಬೇರೆಬೇರೆ ತೂಕಗಳನ್ನಿಟ್ಟು, ತಕ್ಕಡಿಯ ಪರದೆಯಲ್ಲಿ ಕಾಣುವ ಅಂಕಿಯನ್ನೂ ಕಂಪ್ಯೂಟರಿನಲ್ಲಿ ಬಂದದ್ದನ್ನೂ ಅಕ್ಕಪಕ್ಕದಲ್ಲಿ ಬರೆದುಕೊಳ್ಳಿ. 0, 3, 5, 6, 9 ಸರಿಯಾಗಿ ಬಂದು 1, 2, 4, 7, 8 ಮಾತ್ರ ಕೆಡುತ್ತಿದ್ದರೆ, ತಕ್ಕಡಿ ಏಳು ಬಿಟ್ ಮತ್ತು ಸಮ ಪ್ಯಾರಿಟಿಯಲ್ಲಿ ಕಳಿಸುತ್ತಿದೆ, ಕಂಪ್ಯೂಟರ್ ಅದನ್ನು ಪ್ಯಾರಿಟಿಯಿಲ್ಲದ ಎಂಟು ಬಿಟ್ಟೆಂದು ಓದುತ್ತಿದೆ. ಮೊದಲ ಗುಂಪಿನ ಅಂಕಿಗಳ ಆಸ್ಕಿ ಸಂಕೇತದಲ್ಲಿ (ಅಕ್ಷರಗಳನ್ನು ಬಿಟ್ಟುಗಳಾಗಿ ಬರೆಯುವ ಪದ್ಧತಿ) ಒಂದುಗಳ ಸಂಖ್ಯೆ ಸಮವಾಗಿರುವುದರಿಂದ ಪ್ಯಾರಿಟಿ ಬಿಟ್ ಸೊನ್ನೆಯಾಗಿದ್ದು ಏನೂ ಬದಲಾಗುವುದಿಲ್ಲ. ಎರಡನೆಯ ಗುಂಪಿನಲ್ಲಿ ಅದು ಒಂದಾಗಿ ಎಂಟನೆಯ ಬಿಟ್ಟಿನ ಜಾಗದಲ್ಲಿ ಕುಳಿತು ಅಂಕಿಯನ್ನು ಬೇರೆ ಚಿಹ್ನೆಯಾಗಿಸುತ್ತದೆ. ಎರಡು ಗುಂಪುಗಳು ಅದಲುಬದಲಾಗಿದ್ದರೆ ತಕ್ಕಡಿಯಲ್ಲಿರುವುದು ಬೆಸ ಪ್ಯಾರಿಟಿ. ತಂತ್ರಾಂಶದಲ್ಲಿ ಅದಕ್ಕೆ ತಕ್ಕಂತೆ ಬದಲಿಸಿದರೆ ಅಂಕಿಗಳು ನೆಟ್ಟಗಾಗುತ್ತವೆ. ತಕ್ಕಡಿಯ ಕೈಪಿಡಿ ಉಳಿದಿದ್ದರೆ ಇಷ್ಟು ಪತ್ತೇದಾರಿಯೂ ಬೇಕಿಲ್ಲ, ಅದರ ಕೊನೆಯ ಪುಟಗಳಲ್ಲಿ ಈ ಮೌಲ್ಯಗಳನ್ನು ಮುದ್ರಿಸಿರುತ್ತಾರೆ.

ಮುಂದೆಂದಾದರೂ ಏನೂ ಬರದಂತಾದರೆ ಒಂದು ಪರೀಕ್ಷೆ ನೆನಪಿಟ್ಟುಕೊಳ್ಳಿ. ತಕ್ಕಡಿಯ ಕೇಬಲನ್ನು ಕಳಚಿ, ಪರಿವರ್ತಕದ ಒಂಬತ್ತು ಪಿನ್ನುಗಳಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಒಂದು ಚಿಕ್ಕ ತಂತಿಯಿಂದ ಸೇರಿಸಿ, ‘ಪಟ್ಟಿ’ (PuTTY) ಎಂಬ ಹೆಸರಿನದರಂಥ ಯಾವುದಾದರೂ ಟರ್ಮಿನಲ್ ತಂತ್ರಾಂಶದಲ್ಲಿ (ಒತ್ತಿದ ಅಕ್ಷರವನ್ನು ಪೋರ್ಟಿಗೆ ಕಳಿಸಿ, ಅಲ್ಲಿಂದ ಬಂದದ್ದನ್ನು ತೋರಿಸುವಂಥದ್ದು) ಆ ಪೋರ್ಟನ್ನು ತೆರೆದು, ಫ್ಲೋ ಕಂಟ್ರೋಲನ್ನು ‘ನನ್’ ಎಂದಿಟ್ಟು, ಕೀಲಿಮಣೆಯಲ್ಲಿ ಏನಾದರೂ ಒತ್ತಿ. ಎರಡನೆಯ ಪಿನ್ ಪಡೆಯುವುದು, ಮೂರನೆಯದು ಕಳಿಸುವುದು. ಎರಡನ್ನೂ ಸೇರಿಸಿದಾಗ ಒತ್ತಿದ ಅಕ್ಷರ ಪರದೆಯ ಮೇಲೆ ಮರಳಿ ಬಂದರೆ ಕಂಪ್ಯೂಟರ್, ಡ್ರೈವರ್, ಪರಿವರ್ತಕ ಮೂರೂ ಸರಿಯಿವೆ. ತಂತಿ ತೆಗೆದ ಕೂಡಲೇ ಅಕ್ಷರಗಳು ನಿಲ್ಲಬೇಕು, ನಿಲ್ಲದಿದ್ದರೆ ಟರ್ಮಿನಲ್ ತಾನೇ ಅವುಗಳನ್ನು ತೋರಿಸುತ್ತಿದೆ ಎಂದು ತಿಳಿಯಿರಿ. ಪರೀಕ್ಷೆ ಸರಿಯಾಗಿ ನಡೆದೂ ತಕ್ಕಡಿಯಿಂದ ಏನೂ ಬರುತ್ತಿಲ್ಲವೆಂದರೆ ನಡುವಿನ ಕೇಬಲ್ ನೇರದ್ದೋ ಅಡ್ಡದ್ದೋ ಎಂದು ನೋಡಬೇಕು. ಕೆಲವು ಸಾಧನಗಳಿಗೆ ಎರಡು ಮತ್ತು ಮೂರನೆಯ ಪಿನ್ನುಗಳ ತಂತಿಗಳು ಅದಲುಬದಲಾಗಿರುವ ಕೇಬಲ್ ಬೇಕಾಗುತ್ತದೆ.

ಪ್ರಶ್ನೆ: ನನ್ನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಣ್ಣ ಫೈಲುಗಳಿಗೆ ತೊಂದರೆ ಕೊಡುವುದಿಲ್ಲ. ದೊಡ್ಡ ವಿಡಿಯೊಗಳನ್ನು ನಕಲಿಸುವಾಗ ಮಾತ್ರ ನಡುವೆ ಸಂಪರ್ಕ ಕಡಿದು ಮತ್ತೆ ತಾನಾಗಿಯೇ ಬರುತ್ತದೆ. ನಿನ್ನೆ ‘ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ಬಂತು. ಫಾರ್ಮ್ಯಾಟ್ ಮಾಡಿದರೆ ಸರಿಹೋಗುವುದೇ?

ಉತ್ತರ: ದಯವಿಟ್ಟು ಮಾಡಬೇಡಿ. ಆ ಸಂದೇಶ ಹೇಳುತ್ತಿರುವುದು ಡಿಸ್ಕಿನ ಫೈಲ್ ವ್ಯವಸ್ಥೆಯನ್ನು ಆ ಹೊತ್ತಿಗೆ ಓದಲಾಗಲಿಲ್ಲ ಎಂದಷ್ಟೇ, ಡಿಸ್ಕಿನಲ್ಲಿರುವುದು ಹೋಯಿತೆಂದಲ್ಲ. ‘ಕ್ಯಾನ್ಸಲ್’ ಒತ್ತಿ ಹೊರಬನ್ನಿ.

ಸಣ್ಣ ಕೆಲಸಕ್ಕೆ ಸರಿಯಾಗಿದ್ದು ದೀರ್ಘ ಕೆಲಸದಲ್ಲಿ ಕಡಿಯುತ್ತದೆ ಎಂಬ ಲಕ್ಷಣ ವಿದ್ಯುತ್ತಿನ ಕಡೆಗೆ ಬೆರಳು ಮಾಡುತ್ತದೆ. ಯುಎಸ್‌ಬಿ 2.0 ಸಾಕೆಟ್ 500 ಮಿಲಿಆಂಪಿಯರ್, 2008ರಲ್ಲಿ ಬಂದ ಯುಎಸ್‌ಬಿ 3.0 ಸಾಕೆಟ್ 900 ಮಿಲಿಆಂಪಿಯರ್ ಒದಗಿಸಬೇಕೆಂದು ನಿಯಮವಿದೆ. ತಿರುಗುವ ತಟ್ಟೆಯಿರುವ ಡಿಸ್ಕಿಗೆ ಮೊದಲನೆಯದು ಸಾಲದೆ ಹೋಗುವುದು ಸಾಮಾನ್ಯ. ನೀವು ಅದನ್ನು ಸ್ವಂತ ಅಡಾಪ್ಟರ್ ಇಲ್ಲದ ಯುಎಸ್‌ಬಿ ಹಬ್ಬಿಗೆ (ಒಂದು ಸಾಕೆಟ್ಟನ್ನು ಹಲವಾಗಿಸುವ ಪೆಟ್ಟಿಗೆಗೆ) ಹಾಕಿದ್ದರೆ ಒಂದೇ ಸಾಕೆಟ್ಟಿನ ವಿದ್ಯುತ್ತನ್ನು ಎಲ್ಲ ಸಾಧನಗಳೂ ಹಂಚಿಕೊಳ್ಳುತ್ತವೆ. ತೆಳ್ಳಗಿನ ಉದ್ದ ಕೇಬಲಿನಲ್ಲಿ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ. ಹಬ್ಬನ್ನು ಬಿಟ್ಟು, ಡಿಸ್ಕಿನ ಜೊತೆಗೇ ಬಂದ ಗಿಡ್ಡ ಕೇಬಲಿನಿಂದ, ಡೆಸ್ಕ್‌ಟಾಪ್ ಆಗಿದ್ದರೆ ಹಿಂಬದಿಯ ಸಾಕೆಟ್ಟಿಗೆ ನೇರವಾಗಿ ಜೋಡಿಸಿ ನೋಡಿ. ಮುಂಬದಿಯ ಸಾಕೆಟ್ಟುಗಳು ಮದರ್‌ಬೋರ್ಡಿಗೆ ಒಳಗಿನ ಇನ್ನೊಂದು ಕೇಬಲಿನ ಮೂಲಕ ಸೇರಿರುತ್ತವೆ, ಅಲ್ಲೂ ಸಡಿಲವಿರಬಹುದು. ಲ್ಯಾಪ್‌ಟಾಪಿನಲ್ಲಿ ಬೇರೆ ದಾರಿ ಕಾಣದಿದ್ದರೆ ಸ್ವಂತ ಅಡಾಪ್ಟರ್ ಇರುವ ಹಬ್ ಬಳಸಿ. ಡಿಸ್ಕ್ ಸುಮ್ಮನಿದ್ದು ಸ್ವಲ್ಪ ಹೊತ್ತಿನ ಮೇಲೆ ಮಾಯವಾಗುವ ತೊಂದರೆಯಾಗಿದ್ದರೆ ವಿಂಡೋಸಿನ ಪವರ್ ಆಯ್ಕೆಗಳಲ್ಲಿರುವ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಅನ್ನು ನಿಲ್ಲಿಸಿ ಎನ್ನುತ್ತಿದ್ದೆ, ಆದರೆ ನಿಮ್ಮದು ಆ ಲಕ್ಷಣವಲ್ಲ.

ಸಂಪರ್ಕ ಸ್ಥಿರವಾದ ಮೇಲೆ ಮೊದಲು ಬೇಕಾದ ಫೈಲುಗಳನ್ನೆಲ್ಲ ಬೇರೆಡೆಗೆ ನಕಲಿಸಿಕೊಳ್ಳಿ. ಡಿಸ್ಕಿನ ದೋಷ ತಿದ್ದುವ ‘ಚೆಕ್‌ಡಿಸ್ಕ್’ ಆಮೇಲೆ. ಅದು ಬರೆದು ತಿದ್ದುವ ಸಲಕರಣೆಯಾದ್ದರಿಂದ ಡಿಸ್ಕೇ ಸಾಯುತ್ತಿದ್ದರೆ ನಷ್ಟವನ್ನು ಹೆಚ್ಚಿಸಬಹುದು. ಒಳಗಿನಿಂದ ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಯಾವ ಪ್ರಯೋಗವನ್ನೂ ಮಾಡದೆ ಕಳಚಿಟ್ಟು, ಮಾಹಿತಿ ಅಮೂಲ್ಯವಾಗಿದ್ದರೆ ಮಾಹಿತಿ ಮರಳಿ ಪಡೆಯುವ ಪರಿಣತರಿಗೆ ಒಪ್ಪಿಸಿ.

ಪ್ರಶ್ನೆ: ಯುಎಸ್‌ಬಿ 3.0 ಡಿಸ್ಕ್ ಜೋಡಿಸಿದಾಗಲೆಲ್ಲ ನನ್ನ ವೈರ್‌ಲೆಸ್ ಮೌಸ್ ತಡೆತಡೆದು ಚಲಿಸುತ್ತದೆ. ಡಿಸ್ಕ್ ತೆಗೆದರೆ ಸರಿಯಾಗುತ್ತದೆ. ಮೌಸ್ ಬದಲಿಸಬೇಕೇ?

ಉತ್ತರ: ಬೇಕಿಲ್ಲ. ಯುಎಸ್‌ಬಿ 3.0 ಸಂಕೇತಗಳು ಹೊರಸೂಸುವ ವಿದ್ಯುತ್ಕಾಂತೀಯ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯವರೆಗೂ ಹರಡುತ್ತದೆ, ನಿಮ್ಮ ಮೌಸಿನ ರಿಸೀವರ್ ಕೆಲಸ ಮಾಡುವುದೂ ಅಲ್ಲಿಯೇ. ಇಂಟೆಲ್ ಕಂಪನಿ 2012ರಲ್ಲಿ ಈ ಕುರಿತೇ ಒಂದು ತಾಂತ್ರಿಕ ಲೇಖನ ಪ್ರಕಟಿಸಿತ್ತು. ರಿಸೀವರನ್ನು ಒಂದು ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲಿಗೆ ಹಾಕಿ ಡಿಸ್ಕಿನಿಂದ ಒಂದೆರಡು ಅಡಿ ದೂರ, ಮೌಸಿನ ಹತ್ತಿರ ಇಟ್ಟುಕೊಳ್ಳಿ.

ಪ್ರಶ್ನೆ: ಲಿನಕ್ಸ್ ಬಳಸುತ್ತೇನೆ. ಮೈಕ್ರೊಕಂಟ್ರೋಲರ್ ಬೋರ್ಡ್ ಜೋಡಿಸಿದಾಗ ‘ಪರ್ಮಿಷನ್ ಡಿನೈಡ್’ ಎನ್ನುತ್ತದೆ. ಸ್ನೇಹಿತರು ಪ್ರತಿಸಲ ರೂಟ್ (ಎಲ್ಲ ಅನುಮತಿಗಳಿರುವ ನಿರ್ವಾಹಕ) ಅಧಿಕಾರದಲ್ಲಿ ನಡೆಸು ಎನ್ನುತ್ತಾರೆ. ಅದು ಸರಿಯೇ?

ಉತ್ತರ: ಕೆಲಸ ನಡೆಯುತ್ತದೆ, ಅಭ್ಯಾಸ ಒಳ್ಳೆಯದಲ್ಲ. ಅನುಮತಿ ನಿರಾಕರಣೆಯಾಯಿತು ಎಂದರೆ ಬೋರ್ಡ್, ಕೇಬಲ್, ಡ್ರೈವರ್ ಎಲ್ಲವೂ ತಮ್ಮ ಪಾಲಿನ ಕೆಲಸ ಮುಗಿಸಿವೆ ಎಂದಾಯಿತು. ಇಂಥ ಬೋರ್ಡ್ ಕಂಪ್ಯೂಟರಿಗೆ ಸಾಮಾನ್ಯವಾಗಿ ಸೀರಿಯಲ್ ಪೋರ್ಟಾಗಿ ಕಾಣಿಸುತ್ತದೆ. ಉಬುಂಟು, ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಗಳಲ್ಲಿ ಸೀರಿಯಲ್ ಪೋರ್ಟುಗಳು ‘ಡಯಲ್‌ಔಟ್’ ಎಂಬ ಗುಂಪಿಗೆ ಸೇರಿರುತ್ತವೆ. ನಿಮ್ಮ ಬಳಕೆದಾರ ಹೆಸರನ್ನು ಆ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಒಳಬನ್ನಿ. ಲಾಗ್‌ಔಟ್ ಆಗದೆ ಬದಲಾವಣೆ ಜಾರಿಗೆ ಬರುವುದಿಲ್ಲ ಎಂಬುದನ್ನು ಮರೆತು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವವರಿದ್ದಾರೆ. ಬೋರ್ಡಿನಲ್ಲಿ ಸಿಎಚ್340 ಚಿಪ್ ಇದ್ದು, ಪೋರ್ಟ್ ಕ್ಷಣಕಾಲ ಕಾಣಿಸಿ ಮಾಯವಾಗುತ್ತಿದ್ದರೆ ಅದು ಬೇರೆ ಕಥೆ: ಉಬುಂಟು 22.04ರಲ್ಲಿ ಬ್ರೈಲ್ ಪರದೆಗಳಿಗಾಗಿ ಇರುವ ‘ಬಿಆರ್‌ಎಲ್‌ಟಿಟಿವೈ’ ಎಂಬ ಸೇವೆ ಆ ಚಿಪ್ಪನ್ನು ಬ್ರೈಲ್ ಸಾಧನವೆಂದು ಭಾವಿಸಿ ವಶಪಡಿಸಿಕೊಳ್ಳುತ್ತದೆ. ಆ ಕಂಪ್ಯೂಟರಿನಲ್ಲಿ ಬ್ರೈಲ್ ಪರದೆ ಬಳಸುವವರು ಯಾರೂ ಇಲ್ಲದಿದ್ದರೆ ಆ ಸೇವೆಯನ್ನು ತೆಗೆದುಹಾಕಬಹುದು.

ಪ್ರಶ್ನೆ: ವೈ-ಫೈ ಮೂಲಕ ಬಳಸುವ ಪ್ರಿಂಟರ್ ಆಗಾಗ ‘ಆಫ್‌ಲೈನ್’ ಎನ್ನುತ್ತದೆ. ಡ್ರೈವರ್ ಮತ್ತೆ ಹಾಕಿದರೆ ಕೆಲವು ದಿನ ಸರಿಯಿದ್ದು ಮತ್ತೆ ಅದೇ ತೊಂದರೆ.

ಉತ್ತರ: ಪ್ರಿಂಟರಿನ ಐಪಿ ವಿಳಾಸ, ಎಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಬದಲಾಗುತ್ತಿರಬೇಕು. ರೂಟರ್ ವಿಳಾಸಗಳನ್ನು ನಿಗದಿತ ಅವಧಿಗೆ ಕೊಡುತ್ತದೆ. ಪ್ರಿಂಟರನ್ನು ಆರಿಸಿ ಹೊತ್ತಿಸಿದಾಗ ಅದಕ್ಕೆ ಬೇರೆ ವಿಳಾಸ ಸಿಗಬಹುದು, ಆದರೆ ಕಂಪ್ಯೂಟರ್ ಹಳೆಯ ವಿಳಾಸಕ್ಕೇ ಪುಟಗಳನ್ನು ಕಳಿಸುತ್ತಿರುತ್ತದೆ. ಡ್ರೈವರ್ ಮತ್ತೆ ಹಾಕಿದಾಗ ಸರಿಯಾಗುವುದು ಅದು ಹೊಸ ವಿಳಾಸವನ್ನು ಹುಡುಕಿಕೊಳ್ಳುವುದರಿಂದಲೇ ಹೊರತು ಡ್ರೈವರ್ ಕೆಟ್ಟಿದ್ದರಿಂದಲ್ಲ. ಮುಂದಿನ ಸಲ ‘ಆಫ್‌ಲೈನ್’ ಎಂದಾಗ ಪ್ರಿಂಟರಿನ ಮೆನುವಿನಲ್ಲಿರುವ ವಿಳಾಸವನ್ನೂ ಕಂಪ್ಯೂಟರಿನಲ್ಲಿ ಅದರ ‘ಪೋರ್ಟ್ಸ್’ ಪುಟದಲ್ಲಿರುವ ವಿಳಾಸವನ್ನೂ ಹೋಲಿಸಿ. ಬೇರೆಬೇರೆಯಾಗಿದ್ದರೆ ರೂಟರಿನಲ್ಲಿ ಪ್ರಿಂಟರಿಗೆ ಒಂದು ವಿಳಾಸವನ್ನು ಕಾಯ್ದಿರಿಸಿ, ಕಂಪ್ಯೂಟರಿನಲ್ಲೂ ಅದನ್ನೇ ನಮೂದಿಸಿ.

ಪ್ರಶ್ನೆ: ಲ್ಯಾಪ್‌ಟಾಪಿನ ಟೈಪ್-ಸಿ ಸಾಕೆಟ್ಟಿನಿಂದ ಮಾನಿಟರಿಗೆ ಫೋನಿನ ಕೇಬಲ್ ಜೋಡಿಸಿದರೆ ಚಿತ್ರ ಬರುವುದಿಲ್ಲ. ಎರಡೂ ಕಡೆ ಟೈಪ್-ಸಿ ಇದ್ದರೂ ಏಕೆ ಹೀಗೆ?

ಉತ್ತರ: ಟೈಪ್-ಸಿ ಎಂಬುದು ಸಾಕೆಟ್ಟಿನ ಆಕಾರವನ್ನಷ್ಟೇ ಹೇಳುತ್ತದೆ. ಅದರಲ್ಲಿ 24 ಸಂಪರ್ಕಬಿಂದುಗಳಿದ್ದರೂ ಫೋನಿನ ಜೊತೆ ಬರುವ ಕೇಬಲುಗಳಲ್ಲಿ ಹೆಚ್ಚಿನವು ವಿದ್ಯುತ್ತಿಗೂ ಯುಎಸ್‌ಬಿ 2.0 ಮಾಹಿತಿಗೂ ಬೇಕಾದ ತಂತಿಗಳನ್ನು ಮಾತ್ರ ಹೊಂದಿರುತ್ತವೆ, ಚಿತ್ರವನ್ನು ಒಯ್ಯುವ ವೇಗದ ತಂತಿಗಳು ಅವುಗಳಲ್ಲಿ ಇರುವುದಿಲ್ಲ. ಮಾನಿಟರಿನ ಜೊತೆಗೆ ಬಂದ ಟೈಪ್-ಸಿ ಕೇಬಲ್ ಇದ್ದರೆ ಅದನ್ನು ಹಾಕಿ ನೋಡಿ. ಆಗಲೂ ಬರದಿದ್ದರೆ ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ ಆ ಸಾಕೆಟ್ಟಿಗೆ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಅಥವಾ ‘ಥಂಡರ್‌ಬೋಲ್ಟ್’ ಇದೆಯೇ ಎಂದು ಹುಡುಕಿ. ಎರಡೂ ಇಲ್ಲದಿದ್ದರೆ ಆ ಸಾಕೆಟ್ಟಿನಿಂದ ನೇರವಾಗಿ ಚಿತ್ರ ಬಾರದು, ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಸಾಕೆಟ್ ಇದ್ದರೆ ಅದನ್ನೇ ಬಳಸಿ.